ಕ್ಯಾಪ್, ಬ್ರಿಡ್ಜ್ ಹಾಕಿಸುವವರಿಗೆ ಹಲ್ಲು ಮಾಡುವವನ ಮಾತು

ನಾನು ಡಾಕ್ಟರಲ್ಲ. ಡಾಕ್ಟರು ನಿಮ್ಮ ಬಾಯಲ್ಲಿ ಕೂರಿಸುವ ಹಲ್ಲನ್ನು ಮಾಡಿಕೊಡುವವನು. ದಾವಣಗೆರೆಯ ಒಂದು ಡೆಂಟಲ್ ಲ್ಯಾಬಿನಲ್ಲಿ 21 ವರ್ಷದಿಂದ ಇದೇ ಕೆಲಸ. ನಿಮ್ಮ ಮುಖ ನಾನು ನೋಡುವುದಿಲ್ಲ. ನನ್ನ ಟೇಬಲ್ಲಿಗೆ ಬರುವುದು ನಿಮ್ಮ ಬಾಯಿಯ ಅಳತೆ, ಅಂದರೆ ಮೆತ್ತನೆ ಹಿಟ್ಟಿನಲ್ಲಿ ಮೂಡಿಸಿದ ನಿಮ್ಮ ಹಲ್ಲಿನ ಗುರುತು, ಜೊತೆಗೊಂದು ಚೀಟಿ. ಚೀಟಿಯಲ್ಲಿ ‘46, ಜಿರ್ಕೋನಿಯಾ, ಎ3, ಶುಕ್ರವಾರ, ಅರ್ಜೆಂಟ್’ ಅಂತ ಬರೆದಿರುತ್ತಾರೆ. 46 ಅಂದರೆ ಕೆಳಗೆ ಬಲಗಡೆಯ ಮೊದಲನೇ ದವಡೆ ಹಲ್ಲು. ಜಿರ್ಕೋನಿಯಾ ಅಂದರೆ ಹಲ್ಲು ಮಾಡುವ ಸಾಮಾನು, ಎ3 ಅಂದರೆ ಬಣ್ಣ. ಅರ್ಜೆಂಟ್ ಅನ್ನುವುದು ಎಷ್ಟೋ ಸಲ ನಿಮ್ಮ ಮಾತು. ಮನೆಯಲ್ಲಿ ಮದುವೆ ಇರುತ್ತದೆ, ರಜೆ ಸಿಕ್ಕಿರುವುದೇ ಎರಡು ದಿನ. ಅರ್ಥವಾಗುತ್ತದೆ. ಆದರೂ ನಾನು ಕಂಡ ಮಟ್ಟಿಗೆ, ಕ್ಯಾಪ್ ಕೆಡಲು ಸಾಮಾನಿಗಿಂತ ಅವಸರವೇ ಜಾಸ್ತಿ ಕಾರಣ. ಎಲ್ಲೆಲ್ಲಿ ನಿಧಾನ ಬೇಕು ಅನ್ನುವುದನ್ನು ಹೇಳುತ್ತೇನೆ.

ಕ್ಯಾಪ್ ಬೇಕೇ ಬೇಕಾ?

ರೂಟ್ ಕೆನಾಲ್ ಮಾಡಿಸಿದ ದವಡೆ ಹಲ್ಲಿಗೆ ಬಹುಪಾಲು ಬೇಕು. ಹುಳುಕು ತೆಗೆದು, ಬೇರಿನ ತನಕ ದಾರಿ ಮಾಡಿ, ಹಲ್ಲಿನ ನಡು ಖಾಲಿಯಾಗಿರುತ್ತದೆ. ಉಳಿದಿರುವುದು ಸುತ್ತಲ ಗೋಡೆ. ಅದರ ಮೇಲೆ ಅಗಿಯುವ ಭಾರ ಬಿದ್ದು ಬಿದ್ದು ಒಂದು ದಿನ ಸೀಳುತ್ತದೆ. ಬೇರಿನವರೆಗೂ ಸೀಳಿದರೆ ಕೀಳಿಸುವುದೇ ದಾರಿ. ನೋವು ಹೋಯ್ತಲ್ಲ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ. ಮುಂದಿನ ಹಲ್ಲಿನ ಲೆಕ್ಕ ಬೇರೆ. ಅದು ತುಂಬಾ ಮುರಿದಿರದಿದ್ದರೆ ಎಷ್ಟೋ ಸಲ ಫಿಲ್ಲಿಂಗೇ ಸಾಕು.

ಡಾಕ್ಟರಿಗೆ ಒಂದು ಪ್ರಶ್ನೆ ಕೇಳಿ: ‘ವಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ?’ ಸುತ್ತಲೂ ಸುಮಾರು 2 ಮಿಲಿಮೀಟರ್ ಇದ್ದರೆ ಕ್ಯಾಪ್‌ಗೆ ಹಿಡಿತ ಸಿಗುತ್ತದೆ. ಕುಡುಗೋಲಿನ ಹಿಡಿ ಸೀಳದಿರಲಿ ಅಂತ ಅದರ ಬಾಯಿಗೆ ಕಬ್ಬಿಣದ ಬಳೆ ಹಾಕಿರುತ್ತಾರಲ್ಲ, ಹಾಗೆ. ಬಳೆ ಹಿಡಿಯಲು ಒಳಗೆ ಗಟ್ಟಿ ಮರ ಇರಬೇಕು. ಪುಡಿ ಪುಡಿಯಾದ ಹಲ್ಲಿಗೆ ಎಂಥ ದುಬಾರಿ ಕ್ಯಾಪ್ ಹಾಕಿದರೂ ನಿಲ್ಲುವುದಿಲ್ಲ.

ಅಳತೆಯ ದಿನ

ಇಡೀ ಕೆಲಸದ ಜೀವ ಇಲ್ಲಿದೆ. ಹಲ್ಲನ್ನು ಸುತ್ತಲೂ, ಮೇಲೂ ಸುಮಾರು 1ರಿಂದ 2 ಮಿಲಿಮೀಟರ್ ತೇದು ಕ್ಯಾಪ್‌ಗೆ ಜಾಗ ಮಾಡುತ್ತಾರೆ. ತೇದ ಜಾಗ ಮುಗಿದು ತೇಯದ ಹಲ್ಲು ಶುರುವಾಗುವ ಕಡೆ ಒಂದು ಅಂಚು ಉಳಿಯುತ್ತದೆ. ನಾವು ಮಾರ್ಜಿನ್ ಅಂತೀವಿ. ಅಳತೆಗೆ ಗಚ್ಚು ಹುಯ್ದು ಅಚ್ಚು ತೆಗೆದ ಮೇಲೆ ಆ ಒಂದು ಹಲ್ಲನ್ನು ಬೇರೆ ಮಾಡಿ ಲೆನ್ಸ್ ಕೆಳಗೆ ಹಿಡಿಯುತ್ತೇನೆ. ಚೂಪು ಮಾಡಿದ ಕೆಂಪು ಪೆನ್ಸಿಲ್‌ನಿಂದ ಆ ಅಂಚಿನ ಸುತ್ತ ಗೆರೆ ಎಳೆಯುತ್ತೇನೆ. ಅಳತೆ ಚೆನ್ನಾಗಿದ್ದರೆ ಪೆನ್ಸಿಲ್ ತಡೆಯದೆ ಸುತ್ತು ಹೊಡೆದು, ಹೊರಟಲ್ಲಿಗೇ ಬಂದು ಸೇರುತ್ತದೆ. ಅಳತೆ ತೆಗೆಯುವಾಗ ರಕ್ತವೋ ಎಂಜಲೋ ಇದ್ದರೆ ಆ ಜಾಗದಲ್ಲಿ ಅಂಚು ಕರಗಿದ ಹಾಗಿರುತ್ತದೆ. ಪೆನ್ಸಿಲ್ ಅಲ್ಲಿ ನಿಂತುಬಿಡುತ್ತದೆ.

ಆಗ ಡಾಕ್ಟರಿಗೆ ಫೋನ್ ಮಾಡಿ ಇನ್ನೊಂದು ಅಳತೆ ಕೇಳುತ್ತೇನೆ. ಅರ್ಜೆಂಟ್ ಅಂತ ಅಂದಾಜಿನ ಮೇಲೆ ಮಾಡಿದರೆ ಅಂಚಲ್ಲಿ ಸಂದಿ ಉಳಿಯುತ್ತದೆ. ಸಂದಿಯಲ್ಲಿ ಅನ್ನದ ಅಗುಳು, ಅದರ ಹಿಂದೆ ಹುಳುಕು. ರೂಟ್ ಕೆನಾಲ್ ಆದ ಹಲ್ಲಿಗೆ ಒಳಗೆ ನರ ಇರುವುದಿಲ್ಲ, ಹಾಗಾಗಿ ಕ್ಯಾಪಿನ ಕೆಳಗೆ ಕೊಳೆಯುತ್ತಿದ್ದರೂ ನಿಮಗೆ ಬೇಗ ಗೊತ್ತಾಗುವುದಿಲ್ಲ.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ವಸಡಲ್ಲಿ ರಕ್ತ ಬರುತ್ತಿದ್ದರೆ ಮೊದಲು ಕ್ಲೀನಿಂಗ್ ಮಾಡಿಸಿ, ವಸಡು ಮಾಗಿದ ಮೇಲೆ ಅಳತೆಗೆ ಹೋಗಿ. ಡಾಕ್ಟರು ಹಲ್ಲಿನ ಸುತ್ತ ವಸಡಿನೊಳಗೆ ಸಣ್ಣ ದಾರ ತೂರಿಸಿ ಕಾಯಲು ಹೇಳಿದರೆ ಗಡಿಯಾರ ನೋಡಬೇಡಿ. ವಸಡು ಸರಿದು ಅಂಚು ಕಾಣಲಿ ಅಂತ ಆ ದಾರ. ‘ಇನ್ನೊಂದು ಸಲ ತೆಗೀತೀನಿ’ ಅಂದರೆ ಬೇಜಾರಾಗಬೇಡಿ, ಅಂಥ ಡಾಕ್ಟರು ಸಿಕ್ಕಿದ್ದು ಪುಣ್ಯ. ಈಗ ಎಷ್ಟೋ ಕಡೆ ಬಾಯೊಳಗೆ ಸ್ಕ್ಯಾನರ್ ಇಟ್ಟು ಅಳತೆ ತೆಗೆಯುತ್ತಾರೆ. ಅದಕ್ಕೂ ಇದೇ ಮಾತು. ರಕ್ತದ ಅಡಿ ಇರುವುದು ಸ್ಕ್ಯಾನರಿಗೂ ಕಾಣುವುದಿಲ್ಲ.

ಬಣ್ಣವನ್ನು ಹಲ್ಲು ತೇಯುವ ಮುಂಚೆಯೇ, ಕಿಟಕಿ ಬೆಳಕಲ್ಲಿ ನೋಡಿಸಿ. ಬಾಯಿ ತೆರೆದುಕೊಂಡು ಒಣಗಿದ ಹಲ್ಲು ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಲಿಪ್‌ಸ್ಟಿಕ್ ಬೇಡ. ಎಲೆ ಅಡಿಕೆಯ ಕರೆ ಇದ್ದರೆ ಮೊದಲೇ ತೆಗೆಸಿಕೊಳ್ಳಿ. ಹಲ್ಲು ಬೆಳ್ಳಗೆ ಮಾಡಿಸುವ ಆಸೆ ಇದ್ದರೆ ಅದೂ ಮೊದಲೇ ಆಗಬೇಕು, ಒಮ್ಮೆ ಮಾಡಿದ ಕ್ಯಾಪಿನ ಬಣ್ಣ ಬದಲಾಗದು. ಎಲ್ಲಕ್ಕಿಂತ ಬಿಳಿಯದು ಕೊಡಿ ಅಂತ ಕೇಳುವವರು ಬಹಳ. ಪಕ್ಕದ ಹಲ್ಲಿಗೆ ಹೊಂದುವುದನ್ನು ಕೇಳಿ. ಆಗಲೇ ಅದು ನಿಮ್ಮ ಹಲ್ಲು ಅನ್ನಿಸುವುದು.

ಯಾವ ಸಾಮಾನು?

ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿ, ಜಿರ್ಕೋನಿಯಾ, ಇ-ಮ್ಯಾಕ್ಸ್. ಹೆಚ್ಚು ಕೇಳಿಬರುವುದು ಈ ನಾಲ್ಕು. ಲೋಹದ ಮೇಲಿನ ಪಿಂಗಾಣಿ ಕಡಿಮೆ ಬೆಲೆಯದು, ಚೆನ್ನಾಗಿಯೂ ಬಾಳುತ್ತದೆ. ಆದರೆ ಪಿಂಗಾಣಿ ಚಕ್ಕೆ ಏಳಬಹುದು. ವಸಡು ಸರಿದರೆ ಬುಡದಲ್ಲಿ ಬೂದು ಗೆರೆ ಕಾಣಬಹುದು. ಲೋಹದಲ್ಲಿ ನಿಕ್ಕಲ್ ಇರಬಹುದು, ಹಾಗಾಗಿ ಗಿಲೀಟಿನ ಓಲೆ ಹಾಕಿದರೆ ಕಿವಿ ಕೆರೆಯುವವರು ಡಾಕ್ಟರಿಗೆ ಅದನ್ನು ಹೇಳಲೇಬೇಕು. ಇ-ಮ್ಯಾಕ್ಸ್ ಗಾಜಿನ ಗುಣದ್ದು, ಮುಂದಿನ ಹಲ್ಲಿಗೆ ಅಂದ.

ಜಿರ್ಕೋನಿಯಾ ನಮ್ಮಲ್ಲಿಗೆ ಬರುವಾಗ ಸೀಮೆಸುಣ್ಣದಂಥ ಬಿಳಿ ಬಿಲ್ಲೆ. ಉಗುರಲ್ಲಿ ಗೀರಿದರೆ ಪುಡಿ ಬರುತ್ತದೆ. ಮೆಷಿನ್ನು ಅದರಿಂದ ಹಲ್ಲನ್ನು ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕೊರೆಯುತ್ತದೆ. ಸುಮಾರು 1,500 ಡಿಗ್ರಿ ಕಾವಿನ ಕುಲುಮೆಯಲ್ಲಿ ಬೆಂದಾಗ ಅದು ಐದನೇ ಒಂದು ಪಾಲಿನಷ್ಟು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಹೊರಗೆ ತೆಗೆದಾಗ ಕಲ್ಲಿಗಿಂತ ಗಟ್ಟಿ. ಅಡಿಕೆ ಬಿಡಲಾಗದ ನಮ್ಮ ಚನ್ನಗಿರಿ ಕಡೆಯವರ ದವಡೆ ಹಲ್ಲಿಗೆ ನಾನು ಇಡೀ ಜಿರ್ಕೋನಿಯಾ ಇಲ್ಲವೇ ಬರೀ ಲೋಹ ಅನ್ನುತ್ತೇನೆ. ಕಟ್ಟಕಡೆಯ ಹಲ್ಲು ಯಾರಿಗೆ ಕಾಣಬೇಕು? ಅಲ್ಲಿ ಲೋಹ ಇವತ್ತಿಗೂ ಒಳ್ಳೆಯದೇ. ಯಾವುದೇ ಇರಲಿ, ಬಿಲ್ಲಿನಲ್ಲಿ ಸಾಮಾನಿನ ಹೆಸರು ಬರೆಸಿ. ವಾರಂಟಿ ಕಾರ್ಡ್ ಇದ್ದರೆ ಕೇಳಿ ಇಸಿದುಕೊಳ್ಳಿ. ದುಡ್ಡು ಕಷ್ಟ ಅನ್ನುವವರಿಗೆ ಡೆಂಟಲ್ ಕಾಲೇಜುಗಳಿವೆ, ನಮ್ಮ ಊರಲ್ಲೇ ಎರಡು. ಓಡಾಟ ಜಾಸ್ತಿ, ಖರ್ಚು ಕಡಿಮೆ.

ಹಲ್ಲೇ ಇಲ್ಲದ ಜಾಗಕ್ಕೆ

ಬ್ರಿಡ್ಜ್ ಅಂದರೆ ಎರಡು ಕಡೆಯ ಹಲ್ಲಿಗೆ ಕ್ಯಾಪ್, ನಡುವೆ ತೂಗುವ ಒಂದು ಹಲ್ಲು. ಮೂರೂ ಒಂದೇ ತುಂಡು. ಒಂದು ಹಲ್ಲು ತುಂಬಿಸಲು ಎರಡನ್ನು ತೇಯಬೇಕು ಅನ್ನುವುದನ್ನು ಮರೆಯಬೇಡಿ. ಅಕ್ಕಪಕ್ಕದವು ಏನೂ ಆಗದ ಗಟ್ಟಿ ಹಲ್ಲುಗಳಾಗಿದ್ದರೆ ಮೊದಲು ಇಂಪ್ಲಾಂಟ್ ಬಗ್ಗೆ, ಅಂದರೆ ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಹಾಕುವುದರ ಬಗ್ಗೆ ಕೇಳಿ. ಅವಕ್ಕೆ ಆಗಲೇ ರೂಟ್ ಕೆನಾಲೋ ದೊಡ್ಡ ಫಿಲ್ಲಿಂಗೋ ಆಗಿದ್ದರೆ ಬ್ರಿಡ್ಜ್ ಒಳ್ಳೆಯದೇ. ಕೀಳಿಸಿದ ಮೇಲೆ ವಸಡು, ಎಲುಬು ಕುಗ್ಗಿ ನಿಲ್ಲಲು ಸುಮಾರು ಎರಡು ಮೂರು ತಿಂಗಳು ಬೇಕು. ಅವಸರ ಮಾಡಿದರೆ ಕೆಳಗೆ ಸಂದಿ ಬಿಡುತ್ತದೆ. ವರ್ಷಗಟ್ಟಲೆ ಸುಮ್ನೆ ಬಿಟ್ಟರೂ ಕಷ್ಟ. ಪಕ್ಕದ ಹಲ್ಲು ಹಳೇ ಬೇಲಿಯ ಗೂಟದ ಹಾಗೆ ವಾಲಿರುತ್ತದೆ, ಎದುರಿನದು ಇಳಿದು ಬಂದಿರುತ್ತದೆ. ಅಂಥ ಅಚ್ಚು ನೋಡಿದರೆ ಹಲ್ಲು ಎಲ್ಲಿ ಕೂರಿಸಲಿ ಅಂತ ಸಂಕಟ ಆಗುತ್ತದೆ.

ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ‘ಒಂದೇ ಗಂಟೆಯಲ್ಲಿ ಫಿಕ್ಸ್ ಹಲ್ಲು’ ಅನ್ನುವವರ ಹತ್ತಿರ ಹೋಗಲೇಬೇಡಿ. ವಸಡಿನ ಮೇಲೆ ಪ್ಲಾಸ್ಟಿಕ್ ಹಿಟ್ಟು ಮೆತ್ತಿ ಪಕ್ಕದ ಹಲ್ಲಿಗೆ ಅಂಟಿಸುತ್ತಾರೆ. ಅದು ಆ ಹಲ್ಲುಗಳನ್ನೂ ತಿಂದುಹಾಕುತ್ತದೆ.

ನಮ್ಮವ್ವನ ಬ್ರಿಡ್ಜ್

ಹತ್ತು ವರ್ಷದ ಹಿಂದಿನ ಮಾತು. ಅಣ್ಣನ ಮಗಳ ಮದುವೆಗೆ ವಾರ ಇತ್ತು. ಅವ್ವ ಊರ ಹತ್ತಿರವೇ ಒಂದು ಕಡೆ ಮೂರು ಹಲ್ಲಿನ ಬ್ರಿಡ್ಜ್ ಹಾಕಿಸಿಕೊಂಡಳು. ಟ್ರಯಲ್ ಇಲ್ಲ, ನೇರ ಅಂಟಿಸಿದರು. ಬಾಯಿ ಮುಚ್ಚಿದರೆ ಒಂದು ಕಡೆ ಮೊದಲು ತಾಗುತ್ತಿತ್ತು. ಹೇಳಿದ್ದಕ್ಕೆ ‘ರೂಢಿ ಆಗುತ್ತೆ’ ಅಂದರಂತೆ. ಅವ್ವ ಮತ್ತೆ ಬಾಯಿ ಬಿಡಲಿಲ್ಲ. ಇನ್ನೊಂದು ಕಡೆಯಲ್ಲೇ ಅಗಿದುಕೊಂಡು ಕಾಲ ಹಾಕಿದಳು. ಬ್ರಿಡ್ಜ್ ಅಡಿ ಕ್ಲೀನ್ ಮಾಡಬೇಕು ಅಂತ ಯಾರೂ ತೋರಿಸಿಕೊಟ್ಟಿರಲಿಲ್ಲ. ನಾಲ್ಕು ವರ್ಷಕ್ಕೆ ಅದು ಸಡಿಲವಾಗಿ ಕೈಗೆ ಬಂತು. ಒಳಗೆ ಹಿಂದಿನ ಹಲ್ಲು ಕರೀ ಇದ್ದಿಲಾಗಿತ್ತು. ಅದನ್ನೂ ಕೀಳಿಸಬೇಕಾಯಿತು. ಹಲ್ಲು ಮಾಡುವ ಮಗ ಮನೆಯಲ್ಲಿದ್ದೂ ನಾನು ಒಂದು ಸಲ ಬಾಯಿ ತೆರೆಸಿ ನೋಡಲಿಲ್ಲ. ಅದು ಈಗಲೂ ಕೊರೆಯುತ್ತದೆ. ಮುಂದೆ ಹೇಳುವುದನ್ನು ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೂರಿಸುವ ದಿನ

ಅಲ್ಲಿಯವರೆಗೆ ಟೆಂಪರರಿ ಕ್ಯಾಪ್ ಇರುತ್ತದೆ. ಅದರ ಸಿಮೆಂಟು ಎಷ್ಟೋ ಸಲ ಲವಂಗದೆಣ್ಣೆ ವಾಸನೆ ಬರುತ್ತದೆ, ಗಾಬರಿ ಬೇಡ. ಚಿಕ್ಕಿ, ಅಂಟುಂಡೆ ಆ ಕಡೆ ಅಗಿಯಬೇಡಿ. ಬಿದ್ದರೆ ಕೂಡಲೇ ಮತ್ತೆ ಹಾಕಿಸಿ. ಬಿಟ್ಟರೆ ಹಲ್ಲುಗಳು ಸರಿದು, ನಾನು ಮಾಡಿದ್ದು ಕೂರುವುದೇ ಇಲ್ಲ.

ಅಂಟಿಸುವ ಮುಂಚೆ ‘ಟ್ರಯಲ್ ನೋಡೋಣ’ ಅಂತ ನೀವೇ ಕೇಳಿ. ಕನ್ನಡಿ ಹಿಡಿದು ಕಿಟಕಿ ಹತ್ತಿರ ಬಣ್ಣ ನೋಡಿ. ಪಕ್ಕದ ಹಲ್ಲಿನ ಸಂದಿಯಲ್ಲಿ ಫ್ಲಾಸ್ ದಾರ ಹಾಕಿಸಿ. ಸ್ವಲ್ಪ ತಡೆದು ಟಕ್ ಅಂತ ಇಳಿಯಬೇಕು. ಸಲೀಸಾಗಿ ಹೋದರೆ ಅಲ್ಲಿ ಊಟ ಸಿಕ್ಕಿಕೊಳ್ಳುತ್ತದೆ, ಹೋಗದಿದ್ದರೆ ಬಿಗಿ ಜಾಸ್ತಿ. ಆಮೇಲೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ. ಕುರ್ಚಿಯಲ್ಲಿ ಮಲಗಿ ಕಚ್ಚಿದ್ದಷ್ಟೇ ಸಾಲದು, ಎದ್ದು ನೆಟ್ಟಗೆ ಕೂತೂ ಕಚ್ಚಿ, ಅತ್ತಿತ್ತ ದವಡೆ ಆಡಿಸಿ. ಬಾಯಿ ಜೋಮು ಹಿಡಿದಿದ್ದರೆ ನಿಮಗೆ ಸರಿಯಾಗಿ ತಿಳಿಯುವುದಿಲ್ಲ. ಅದನ್ನೂ ಹೇಳಿ. ಕೂದಲೆಳೆಯಷ್ಟು ಎತ್ತರ ಅನ್ನಿಸಿದರೂ ‘ಎತ್ತರ ಆಯ್ತು’ ಅನ್ನಿ. ನಾಚಿಕೆ ಪಡಬೇಡಿ. ಮನೆಗೆ ಹೋಗಿ ಎರಡು ಮೂರು ದಿನ ಆದರೂ ಮೊದಲು ಅದೇ ಹಲ್ಲು ತಾಗಿದರೆ ವಾಪಸ್ ಹೋಗಿ. ಐದು ನಿಮಿಷದ ಕೆಲಸ ಅದು. ಬಿಟ್ಟರೆ ಹಲ್ಲು ನೋಯುತ್ತದೆ, ಬೇರೂ ಸೋಲುತ್ತದೆ.

ಆಮೇಲೆ

ಅಂಟಿಸಿದ ದಿನ ಮೆತ್ತಗಿನ ಊಟ ಇರಲಿ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ಅದರ ಅಂಚಿನ ಕೆಳಗಿನ ಹಲ್ಲಿಗೆ ಹಿಡಿಯುತ್ತದೆ. ಬ್ರಷ್ಷು ಆ ಬುಡಕ್ಕೆ ತಾಗಬೇಕು. ಬ್ರಿಡ್ಜ್ ಇರುವವರು ಸೂಪರ್‌ಫ್ಲಾಸ್ ಕೇಳಿ. ಅದರ ಒಂದು ತುದಿ ಸೂಜಿಯ ಹಾಗೆ ಬಿರುಸು. ಅದನ್ನು ನಡುವಿನ ಹಲ್ಲಿನ ಅಡಿ ತೂರಿಸಿ, ಆ ಕಡೆಯಿಂದ ಎಳೆದು, ಹಿಂದೆ ಮುಂದೆ ಉಜ್ಜಿ. ಅವ್ವ ಈಗ ಹೊಸ ಬ್ರಿಡ್ಜ್ ಹಾಕಿಸಿಕೊಂಡಿದ್ದಾಳೆ, ಅದರ ಹಲ್ಲು ನಾನೇ ಮಾಡಿದ್ದು. ರಾತ್ರಿ ಊಟ ಆದ ಮೇಲೆ ದೀಪದ ಕೆಳಗೆ ಕೂತು, ಹೂ ಕಟ್ಟುವ ನಿಧಾನದಲ್ಲಿ ಆ ದಾರ ತೂರಿಸುತ್ತಾಳೆ.

ಗೋಟಡಿಕೆ, ಸಂಕ್ರಾಂತಿಯ ಸಕ್ಕರೆ ಅಚ್ಚು ಕ್ಯಾಪ್ ಹಲ್ಲಲ್ಲಿ ಕಡಿಯಬೇಡಿ. ನಿದ್ದೆಯಲ್ಲಿ ಹಲ್ಲು ಕಡಿಯುವವರು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಕವಚ ಮಾಡಿಸಿ.

ಒಂದು ದಿನ ಕ್ಯಾಪ್ ಬಿದ್ದೇ ಹೋದರೆ ಎಸೆಯಬೇಡಿ. ಫೆವಿಕ್ವಿಕ್ ಹಚ್ಚಿ ನೀವೇ ಅಂಟಿಸಲೂ ಬೇಡಿ. ತೊಳೆದು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಒಂದೆರಡು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ. ಒಳಗಿನ ಹಲ್ಲು ಚೆನ್ನಾಗಿದ್ದರೆ ಎಷ್ಟೋ ಸಲ ಅದನ್ನೇ ಮತ್ತೆ ಕೂರಿಸಬಹುದು.