ಅಮೆರಿಕ ಅಧ್ಯಕ್ಷರ ಸಮೀಕ್ಷೆ ಸುದ್ದಿ: ಓದುವುದು ಹೇಗೆ?

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನಿಗೆ ಒಂದು ಸಂಜೆ ಫೋನ್ ಬಂತು. ಒಲೆ ಮೇಲೆ ಹುಳಿ ಕುದಿಯುತ್ತಿತ್ತು, ಒಗ್ಗರಣೆ ಸೌಟಿನಲ್ಲಿ ಸಾಸಿವೆ ಸಿಡಿಯುತ್ತಿತ್ತು. ‘ಅಧ್ಯಕ್ಷರು ಕೆಲಸ ಮಾಡುತ್ತಿರುವ ರೀತಿ ನಿಮಗೆ ಒಪ್ಪಿಗೆಯೇ, ಇಲ್ಲವೇ?’ ಎಂದಿತು ಆ ಕಡೆಯ ದನಿ. ‘ಆಮೇಲೆ ಮಾಡಿ’ ಅಂತ ಅಕ್ಕ ಇಟ್ಟೇಬಿಟ್ಟಳು. ಅವಳು ಅಲ್ಲಿನ ಪೌರಳು, ತಪ್ಪದೆ ಓಟು ಹಾಕುವವಳು. ಇಂಥ ಪ್ರಶ್ನೆಗಳಿಂದಲೇ ‘ಅಧ್ಯಕ್ಷರ ಜನಪ್ರಿಯತೆ ಕುಸಿತ’ ಎಂಬ ಸುದ್ದಿ ಹುಟ್ಟುತ್ತದೆ. ಆಮೇಲೆ ನಾವು ಇಲ್ಲಿ ಕೂತು, ‘ಹಾಗಾದ್ರೆ ಅವರು ನಿರ್ಧಾರ ಬದಲಿಸ್ತಾರಾ?’ ಎಂದು ಮಾತಾಡಿಕೊಳ್ಳುತ್ತೇವೆ. ಸುದ್ದಿ ನಂಬುವ ಮುಂಚೆ ಅದನ್ನು ಹೀಗೆ ಓದಿ ನೋಡಿ.

ಹೆಜ್ಜೆ 1: ಸಮೀಕ್ಷೆ ಯಾರದ್ದು ನೋಡಿ

ಸಮೀಕ್ಷೆಯಲ್ಲಿ ಎರಡು ಜಾತಿ. ಪ್ಯೂನಂಥ ಸಂಸ್ಥೆಗಳು ಮಾಡಿ ಪ್ರಕಟಿಸುವುದು ಒಂದು. ಅಧ್ಯಕ್ಷರು ತಮಗಾಗಿಯೇ ಮಾಡಿಸಿಕೊಳ್ಳುವುದು ಇನ್ನೊಂದು. ಇದರ ಖರ್ಚನ್ನು ಸಾಮಾನ್ಯವಾಗಿ ಪಕ್ಷವೇ ನೋಡಿಕೊಳ್ಳುತ್ತದೆ. ಕಾರ್ಟರ್‌ಗೆ ಪ್ಯಾಟ್ರಿಕ್ ಕ್ಯಾಡೆಲ್, ರೇಗನ್‌ಗೆ ರಿಚರ್ಡ್ ವರ್ತ್ಲಿನ್, ಕ್ಲಿಂಟನ್‌ಗೆ ಮಾರ್ಕ್ ಪೆನ್, ಒಬಾಮಗೆ ಜೋಯೆಲ್ ಬೆನೆನ್ಸನ್ ಈ ಕೆಲಸ ಮಾಡಿಕೊಟ್ಟವರು. ನಮ್ಮ ಕಣ್ಣಿಗೆ ಬೀಳುವುದು ಮೊದಲನೆಯ ಜಾತಿ. ಅಧ್ಯಕ್ಷರ ಮೇಜಿಗೆ ಹೋಗಿ ನಿಜವಾಗಿ ಕೆಲಸ ಮಾಡುವುದು ಎರಡನೆಯದು. ಅದು ‘ಏನು ಮಾಡಲಿ’ ಎಂದು ಕೇಳುವುದಕ್ಕಿಂತ, ‘ಹೇಗೆ ಹೇಳಿದರೆ ಒಪ್ಪುತ್ತೀರಿ’ ಎಂದು ಕೇಳುವುದೇ ಜಾಸ್ತಿ.

ಹೆಜ್ಜೆ 2: ಅಗುಳು ಎಲ್ಲಿಂದ ತೆಗೆದರು ಕೇಳಿ

ಅನ್ನ ಬೆಂದಿದೆಯಾ ನೋಡಲು ಒಂದಗುಳು ಹಿಸುಕಿದರೆ ಸಾಕು. ಸಮೀಕ್ಷೆಯ ಲೆಕ್ಕವೂ ಅದೇ. ಸರಿಯಾಗಿ ಆರಿಸಿದ 1,000 ಮಂದಿಯನ್ನು ಕೇಳಿದರೆ ಇಡೀ ಅಮೆರಿಕದ ಅಭಿಪ್ರಾಯ ಹೆಚ್ಚೂಕಡಿಮೆ 3 ಶೇಕಡಾ ಅಂಶ ಆಚೀಚೆಯಲ್ಲಿ ಸಿಕ್ಕಿಬಿಡುತ್ತದೆ. ಹಾಗಾಗಿ ಶೇ 44 ಇದ್ದದ್ದು ಶೇ 42 ಆದರೆ ಅದನ್ನು ಕುಸಿತ ಎಂದು ಕರೆಯಬೇಡಿ.

ಆದರೆ ಅಗುಳನ್ನು ಪಾತ್ರೆಯ ಒಂದೇ ಮೂಲೆಯಿಂದ ತೆಗೆಯಬಾರದು. 1936ರಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಮಂದಿಗೆ ಮತಪತ್ರ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ವಾಪಸು ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಬರೆಯಿತು. 48 ರಾಜ್ಯಗಳಲ್ಲಿ 46 ಗೆದ್ದವರು ಆಗಿನ ಅಧ್ಯಕ್ಷ ರೂಸ್‌ವೆಲ್ಟ್! ವಿಳಾಸಗಳು ಬಂದಿದ್ದು ಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಮಹಾಕುಸಿತದ ಆ ಕಾಲದಲ್ಲಿ ಫೋನು, ಕಾರು ಇಟ್ಟುಕೊಂಡಿದ್ದವರು ಯಾರು ಹೇಳಿ? ಸಾಲದ್ದಕ್ಕೆ, ಕಾರ್ಡು ವಾಪಸು ಕಳಿಸುವಷ್ಟು ಆಸಕ್ತಿ ಇದ್ದವರ ಮಾತಷ್ಟೇ ಲೆಕ್ಕಕ್ಕೆ ಬಂತು. ಎಷ್ಟೋ ಕಡಿಮೆ ಜನರನ್ನು ಕೇಳಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದರು.

ಈಗಿನ ತಲೆನೋವು ನಮ್ಮಕ್ಕನಂಥವರು. ಪ್ಯೂ ಸಂಸ್ಥೆಯ ಫೋನ್ ಸಮೀಕ್ಷೆಗೆ 1997ರಲ್ಲಿ ಶೇ 36ರಷ್ಟು ಪ್ರತಿಕ್ರಿಯೆ ಸಿಗುತ್ತಿತ್ತು. 2018ಕ್ಕೆ ಅದು ಶೇ 6ಕ್ಕೆ ಇಳಿಯಿತು. ಫೋನ್ ಎತ್ತದವರ ಪಾಲನ್ನು ಎತ್ತಿದವರ ಉತ್ತರಕ್ಕೆ ತೂಕ ಕೊಟ್ಟು ಸರಿದೂಗಿಸುತ್ತಾರೆ.

ಹೆಜ್ಜೆ 3: ಪ್ರಶ್ನೆಯನ್ನು ಅಕ್ಷರ ಬಿಡದೆ ಓದಿ

ಇದೇ ಮುಖ್ಯ. ಬೇಕಾದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಬೆಳಿಗ್ಗೆ ಎದ್ದು ‘ಉಪ್ಪಿಟ್ಟು ಮಾಡ್ಲಾ?’ ಎಂದು ಕೇಳಿ. ಮುಖಗಳನ್ನು ನೋಡಿ. ಮರುದಿನ ‘ಬಿಸಿಬಿಸಿ ಖಾರಾಬಾತ್ ಮಾಡ್ಲಾ?’ ಎಂದು ಕೇಳಿ. ಬಾಣಲೆ ಅದೇ, ರವೆ ಅದೇ.

ಅಮೆರಿಕದಲ್ಲಿ ಇದನ್ನು ದಶಕಗಳಿಂದ ಪರೀಕ್ಷಿಸಿದ್ದಾರೆ. ‘ಬಡವರ ನೆರವಿಗೆ’ ಸರ್ಕಾರ ಮಾಡುವ ಖರ್ಚು ಸಾಲದು ಎನ್ನುವವರು ಬಹಳ. ಅದೇ ಪ್ರಶ್ನೆಯಲ್ಲಿ ‘ವೆಲ್‌ಫೇರ್’ (ಸರ್ಕಾರಿ ಕಲ್ಯಾಣ ನೆರವು) ಎಂಬ ಪದ ಹಾಕಿದರೆ ಹಾಗೆನ್ನುವವರ ಸಂಖ್ಯೆ ದಬಕ್ಕನೆ ಇಳಿಯುತ್ತದೆ. ಅಧ್ಯಕ್ಷರ ಸಮೀಕ್ಷಕರು ಹುಡುಕುವುದು ಇಂಥ ಪದಗಳನ್ನೇ. 2005ರಲ್ಲಿ ಕಿರಿಯ ಬುಷ್, ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಒಂದಷ್ಟು ಹಣವನ್ನು ಜನ ತಮ್ಮದೇ ಖಾತೆಯಲ್ಲಿ ಹೂಡಲಿ ಎಂದರು. ‘ಖಾಸಗಿ ಖಾತೆ’ ಎಂದರೆ ಜನ ಹೆದರುತ್ತಿದ್ದರು. ಅವರ ಕಡೆಯವರು ‘ವೈಯಕ್ತಿಕ ಖಾತೆ’ ಎನ್ನತೊಡಗಿದರು. ಊರೂರು ಸುತ್ತಿ ಪ್ರಚಾರವೂ ಆಯಿತು. ಸುತ್ತಿದಷ್ಟೂ ಬೆಂಬಲ ಇಳಿಯಿತು, ಯೋಜನೆ ಮತಕ್ಕೆ ಬಾರದೆ ಮೂಲೆ ಸೇರಿತು. ಹೆಸರು ಬದಲಿಸಿದ ಮಾತ್ರಕ್ಕೆ ಉಪ್ಪಿಟ್ಟು ಎಲ್ಲ ಸಲವೂ ಖರ್ಚಾಗುವುದಿಲ್ಲ.

ಹೆಜ್ಜೆ 4: ತಾರೀಖು ಹೋಲಿಸಿ

ಸಮೀಕ್ಷೆ ಮೊದಲು ಬಂತೋ, ನಿರ್ಧಾರ ಮೊದಲು ಬಂತೋ? 1940ರ ರೂಸ್‌ವೆಲ್ಟ್ ಕಥೆ ನೋಡಿ. ಬ್ರಿಟನ್‌ಗೆ ಸಹಾಯ ಮಾಡಬೇಕು ಎಂಬುದು ಅವರ ಮನಸ್ಸಿನಲ್ಲಿತ್ತು. ಆದರೆ ಯುದ್ಧ ಅಂದರೆ ಜನ ದೂರ ಸರಿಯುತ್ತಿದ್ದರು. ಪ್ರಿನ್ಸ್‌ಟನ್‌ನ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ ಸದ್ದಿಲ್ಲದೆ ಶ್ವೇತಭವನಕ್ಕೆ ಅಂಕಿ ತಲುಪಿಸುತ್ತಿದ್ದರು. ಯುದ್ಧದಿಂದ ದೂರ ಇರುವುದು ಮುಖ್ಯವೋ, ಅಪಾಯ ಇದ್ದರೂ ಇಂಗ್ಲೆಂಡಿಗೆ ನೆರವಾಗುವುದು ಮುಖ್ಯವೋ ಎಂದು ಮತ್ತೆ ಮತ್ತೆ ಕೇಳಿದರು. ವರ್ಷದ ಕೊನೆಯ ಹೊತ್ತಿಗೆ ನೆರವಿನ ಕಡೆಗೆ ತಕ್ಕಡಿ ವಾಲಿತ್ತು.

ಡಿಸೆಂಬರ್ 17ರಂದು ರೂಸ್‌ವೆಲ್ಟ್ ಪತ್ರಕರ್ತರ ಮುಂದೆ ತೋಟದ ಪೈಪಿನ ಕಥೆ ಹೇಳಿದರು. ಪಕ್ಕದ ಮನೆಗೆ ಬೆಂಕಿ ಬಿದ್ದಿದೆ. ನನ್ನ ಹತ್ತಿರ ನೀರಿನ ಪೈಪ್ ಇದೆ. ‘ಇದಕ್ಕೆ 15 ಡಾಲರ್ ಆಯ್ತು, ಮೊದಲು ದುಡ್ಡು ಕೊಡಿ’ ಅಂತೀನಾ? ಬೆಂಕಿ ಆರಿದ ಮೇಲೆ ಪೈಪ್ ವಾಪಸು ಕೊಟ್ಟರೆ ಸಾಕು! ಸಾಲ, ಯುದ್ಧ ಎರಡೂ ಪದ ಪಕ್ಕಕ್ಕೆ ಹೋಗಿ ನೆರೆಹೊರೆ ಮುಂದೆ ಬಂತು. 1941ರ ಮಾರ್ಚ್ 11ರಂದು ಬ್ರಿಟನ್‌ನಂಥ ದೇಶಗಳಿಗೆ ಯುದ್ಧಸಾಮಗ್ರಿ ಎರವಲು ಕೊಡುವ ಲೆಂಡ್-ಲೀಸ್ ಕಾಯ್ದೆಗೆ ಸಹಿ ಬಿತ್ತು. ದಾರಿ ಅವರೇ ಆರಿಸಿದ್ದರು, ಯಾವಾಗ ಎಷ್ಟು ಹೆಜ್ಜೆ ಇಡಬಹುದು ಎಂದು ತಿಳಿಸಿದ್ದು ಸಮೀಕ್ಷೆ.

ಕ್ಲಿಂಟನ್‌ರದು ಇನ್ನೂ ಮಜಾ. 1995ರ ಬೇಸಿಗೆ ರಜೆಗೆ ಅವರು ವಯೋಮಿಂಗ್‌ನ ಬೆಟ್ಟಗಳಿಗೆ ಹೋದರು. ಚಾರಣ, ಟೆಂಟು ಮತದಾರರಿಗೆ ಹಿಡಿಸುತ್ತದೆ ಎಂದು ಸಲಹೆಗಾರ ಡಿಕ್ ಮಾರಿಸ್‌ರ ಸಮೀಕ್ಷೆ ಹೇಳಿತ್ತಂತೆ. ಅದೇ ಕ್ಲಿಂಟನ್ ಅದೇ ವರ್ಷದ ಜನವರಿಯಲ್ಲಿ, ಹತ್ತರಲ್ಲಿ ಎಂಟು ಮಂದಿ ಬೇಡ ಎನ್ನುತ್ತಿದ್ದಾಗ, ಮುಳುಗುತ್ತಿದ್ದ ಮೆಕ್ಸಿಕೊಗೆ 2,000 ಕೋಟಿ ಡಾಲರ್‌ವರೆಗಿನ ನೆರವು ಘೋಷಿಸಿದರು. ಮೆಕ್ಸಿಕೊ 1997ರ ಜನವರಿಯಲ್ಲೇ, ಅವಧಿಗೆ ಮುಂಚೆ, ಸಾಲ ತೀರಿಸಿತು. ರಜೆಗೆ ಸಮೀಕ್ಷೆ ನೋಡಿದ ಮನುಷ್ಯ ಸಾಲಕ್ಕೆ ನೋಡಲಿಲ್ಲ!

ಹೆಜ್ಜೆ 5: ಎಷ್ಟು ಜನ ಅಲ್ಲ, ಎಷ್ಟು ಗಟ್ಟಿಯಾಗಿ

ಬಂದೂಕು ಕೊಳ್ಳುವ ಎಲ್ಲರ ಹಿನ್ನೆಲೆ ತಪಾಸಣೆ ಆಗಲಿ ಎಂದು 2013ರಲ್ಲಿ ಸುಮಾರು ಶೇ 90ರಷ್ಟು ಜನ ಹೇಳುತ್ತಿದ್ದರು. ಒಬಾಮಗೂ ಅದೇ ಬೇಕಿತ್ತು. ಏಪ್ರಿಲ್ 17ರಂದು ತಪಾಸಣೆ ವಿಸ್ತರಿಸುವ ತಿದ್ದುಪಡಿಗೆ ಸೆನೆಟ್‌ನಲ್ಲಿ 54 ಮತ ಬಿತ್ತು. ಬೇಕಿದ್ದದ್ದು 60. ಆ 90ರಲ್ಲಿ ಬಹಳ ಮಂದಿ ಹೌದು ಎಂದು ಹೇಳಿ ಸುಮ್ನಾದರು. ಉಳಿದ 10ರಲ್ಲಿ ಅನೇಕರು ಇದೊಂದೇ ವಿಷಯ ನೋಡಿ ಓಟು ಹಾಕುವವರು. ಸೆನೆಟರ್‌ಗಳಿಗೆ ಅದು ಚೆನ್ನಾಗಿ ಗೊತ್ತು.

ಹೆಜ್ಜೆ 6: ದಿಢೀರ್ ಜಿಗಿತಕ್ಕೆ ಮರುಳಾಗಬೇಡಿ

ಸಂಕಟ ಬಂದಾಗ ಜನ ಅಧ್ಯಕ್ಷರ ಬೆನ್ನಿಗೆ ನಿಲ್ಲುತ್ತಾರೆ, ತಪ್ಪು ಅವರದ್ದೇ ಆದರೂ. 1961ರಲ್ಲಿ ಕ್ಯೂಬಾ ಮೇಲಿನ ಬೇ ಆಫ್ ಪಿಗ್ಸ್ ದಾಳಿ ನೆಲಕಚ್ಚಿದ ಮೇಲೆ ಕೆನಡಿ ರೇಟಿಂಗ್ ಶೇ 83 ಮುಟ್ಟಿತು. ಕೊಲ್ಲಿ ಯುದ್ಧ ಗೆದ್ದ 1991ರಲ್ಲಿ ಹಿರಿಯ ಬುಷ್‌ಗೆ ಶೇ 89 ಇತ್ತು. ಮರುವರ್ಷದ ಚುನಾವಣೆಯಲ್ಲಿ ಸೋತರು.

ಹೆಜ್ಜೆ 7: ‘ಗೊತ್ತಿಲ್ಲ’ ಎಂದವರನ್ನು ಎಣಿಸಿ

ಕೋಷ್ಟಕದ ಕೊನೆಯ ಕಾಲಂ ಅದು, ಯಾರೂ ನೋಡುವುದಿಲ್ಲ. ಆದರೆ ಸಮೀಕ್ಷಕರ ಕಣ್ಣು ಅಲ್ಲೇ. ಅಕ್ಕನಿಗೆ ಅದೇ ಕರೆ ಮತ್ತೊಂದು ದಿನ ಬಂತಂತೆ. ಈ ಸಲ ಅಡುಗೆ ಮುಗಿದಿತ್ತು, ಕೂತು ಮಾತಾಡಿದಳು. ಒಂದು ಪ್ರಶ್ನೆಗೆ ಮಾತ್ರ ‘ಗೊತ್ತಿಲ್ಲ’ ಎಂದಳು. ‘ಅಷ್ಟಂದಿದ್ದೇ ತಪ್ಪಾಯ್ತು ಕಣೋ, ಅದನ್ನೇ ಮೂರು ಸಲ ಬೇರೆ ಬೇರೆ ಮಾತಲ್ಲಿ ಕೇಳಿದ್ರು’ ಎಂದಳು.