ಬುಶಿಂಗ್ ಡೈ ತರಿಸುವ ಮೊದಲು ಕೇಸಿನ ಕತ್ತು ಅಳೆಯಿರಿ
ನಿಖರ ಗುರಿಗೆ ರೈಫಲ್ ಕಾರ್ಟ್ರಿಜ್ ರೀಲೋಡ್ ಮಾಡುವವರು (ಹಾರಿಸಿದ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು, ಬುಲೆಟ್ ತುಂಬುವವರು) ಬುಶಿಂಗ್ ಅಳತೆಯನ್ನು, ಅಂದರೆ ಡೈ ಎಂಬ ಅಚ್ಚಿನೊಳಗೆ ಕೂತು ಬುಲೆಟ್ ಹಿಡಿಯುವ ಕತ್ತನ್ನು ಕಿರಿದು ಮಾಡುವ ಬಳೆಯ ಒಳವ್ಯಾಸವನ್ನು, ಅಂದಾಜಿನಲ್ಲಿ ಆರಿಸಬೇಡಿ. ನೀವು ಬಳಸುವ ಕೇಸಿನಲ್ಲೇ ಬುಲೆಟ್ ಕೂರಿಸಿ, ಕತ್ತಿನ ಹೊರವ್ಯಾಸವನ್ನು ಮೈಕ್ರೊಮೀಟರಿನಲ್ಲಿ ಅಳೆದು, ಅದರಿಂದ 0.002 ಇಂಚು ಕಳೆಯಿರಿ. ಉಳಿದದ್ದೇ ನಿಮಗೆ ಬೇಕಾದ ಬುಶಿಂಗ್. 0.336 ಬಂದರೆ 0.334 ತರಿಸಿ. ಐದಾರು ಕೇಸು ಅಳೆದರೆ ಇನ್ನೂ ಒಳ್ಳೆಯದು. ಸಾಮಾನ್ಯ ಫುಲ್ ಲೆಂತ್ ಡೈ (ಬುಶಿಂಗ್ ಇಲ್ಲದೆ ಇಡೀ ಕೇಸನ್ನು ಒತ್ತುವ ಅಚ್ಚು) ಎಂಥ ತೆಳು ಕೇಸಿಗೂ ಹಿಡಿತ ಸಿಗಲೆಂದು ಕತ್ತನ್ನು ಬೇಕಾದ್ದಕ್ಕಿಂತ ಬಹಳ ಕಿರಿದು ಮಾಡುತ್ತದೆ, ಆಮೇಲೆ ಆ ಡೈಯೊಳಗಿನ ಎಕ್ಸ್‌ಪ್ಯಾಂಡರ್ ಎಂಬ ಉಕ್ಕಿನ ಉಂಡೆ ಅದನ್ನು ಒಳಗಿನಿಂದ ಎಳೆದು ಹಿಗ್ಗಿಸುತ್ತದೆ. ಹಿತ್ತಾಳೆ ಎರಡು ಸಲ ದಣಿಯುತ್ತದೆ, ಆ ಎಳೆತದಲ್ಲಿ ಕತ್ತು ಓರೆಯಾಗುವುದೂ ಉಂಟು. ಸರಿಯಾದ ಬುಶಿಂಗ್ ಒಂದೇ ಸಲಕ್ಕೆ ಬೇಕಾದಷ್ಟೇ ಒತ್ತುತ್ತದೆ, ಕೇಸಿನ ಆಯುಷ್ಯವೂ ಹೆಚ್ಚುತ್ತದೆ. ಆದರೆ ಕತ್ತಿನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿದ್ದರೆ ಈ ಲೆಕ್ಕ ಕೈಕೊಡುತ್ತದೆ: ಬುಶಿಂಗ್ ಹೊರಗನ್ನು ನೇರ ಮಾಡಿ ಏರುಪೇರನ್ನೆಲ್ಲ ಒಳಗೆ ತಳ್ಳುತ್ತದೆ. ಅಂಥ ಕೇಸುಗಳಿಗೆ ಕತ್ತನ್ನು ಟರ್ನ್ ಮಾಡಿಕೊಳ್ಳಿ (ಹೊರಮೈಯನ್ನು ಹೆರೆದು ದಪ್ಪವನ್ನು ಸಮ ಮಾಡಿಕೊಳ್ಳಿ), ಇಲ್ಲವೇ ಬುಶಿಂಗ್ ಸ್ವಲ್ಪ ಕಿರಿದಾಗಿಟ್ಟು ಕೊನೆಗೆ ಮ್ಯಾಂಡ್ರೆಲ್ ಎಂಬ ನಿಖರ ಅಳತೆಯ ಸರಳನ್ನು ಕತ್ತಿನೊಳಗೆ ತೂರಿಸಿ (ನನ್ನ ಒಲವು ಮ್ಯಾಂಡ್ರೆಲ್ ಕಡೆಗೇ). ಒಂದೇ ಸಲಕ್ಕೆ 0.005 ಇಂಚಿಗಿಂತ ಹೆಚ್ಚು ಇಳಿಸಬೇಕಾದರೆ ಎರಡು ಬುಶಿಂಗ್‌ಗಳಲ್ಲಿ ಹಂತ ಹಂತವಾಗಿ ಇಳಿಸಿ. ಸೆಮಿ ಆಟೋ ರೈಫಲ್‌ಗೆ ಹಿಡಿತ ಇನ್ನಷ್ಟು ಬಿಗಿ ಬೇಕು, ಅಲ್ಲಿ 0.003 ಕಳೆಯಿರಿ. ಕೇಸಿನ ಕಂಪನಿ ಬದಲಾದರೆ ಕತ್ತಿನ ದಪ್ಪವೂ ಬದಲಾಗುತ್ತದೆ, ಹಳೆಯ ಬುಶಿಂಗನ್ನೇ ನಂಬದೆ ಮತ್ತೆ ಅಳೆಯಿರಿ.