ಕೇಳಿಸುತ್ತದೆ, ತಿಳಿಯುವುದಿಲ್ಲ: ತಂದೆಯವರಿಗೆ ಶ್ರವಣತಜ್ಞರನ್ನು ಹುಡುಕಿದ ನನ್ನ ಅನುಭವ

"ನೀವು ಮಾತನಾಡುವುದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ" ಎಂದು ನನ್ನ ತಂದೆಯವರು ಎರಡು ವರ್ಷ ಹೇಳುತ್ತಲೇ ಇದ್ದರು. ಅದನ್ನು ಗಮನದ ಕೊರತೆಯೆಂದು ಭಾವಿಸಿ ನಾವು ದನಿ ಏರಿಸುತ್ತಿದ್ದೆವು. ಅವರು ತಮ್ಮ ತೊಂದರೆಯನ್ನು ಎಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದರೆಂಬುದು ನನಗೆ ಅರಿವಾದದ್ದು ತಡವಾಗಿ, ಆ ವಿಳಂಬಕ್ಕೆ ಈಗಲೂ ನೋವಿದೆ.

ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಂಡೆವು. ಗುಗ್ಗೆ, ಸೋಂಕು, ಕಿವಿತಮಟೆಯ ತೂತು ಯಾವುದೂ ಇಲ್ಲವೆಂದು ಖಚಿತಪಡಿಸಿಕೊಂಡ ಅವರು, ಮುಂದಿನ ಅಳತೆ ಶ್ರವಣತಜ್ಞರ, ಅಂದರೆ ಆಡಿಯಾಲಜಿಸ್ಟರ ಕೆಲಸವೆಂದು ತಿಳಿಸಿದರು. ಒಂದು ಕಿವಿಯ ಶ್ರವಣ ಕೆಲವೇ ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಕುಸಿದಿದ್ದರೆ ಅದು ತುರ್ತು ಸ್ಥಿತಿ. ಹುಡುಕಾಟವನ್ನೆಲ್ಲ ಬದಿಗಿಟ್ಟು ಅಂದೇ ವೈದ್ಯರನ್ನು ಕಾಣಬೇಕು.

ನಾವು ಹೋದ ಮೊದಲ ಕೇಂದ್ರದಲ್ಲಿ ಹತ್ತು ನಿಮಿಷ 'ಬೀಪ್' ಸದ್ದು ಕೇಳಿಸಿ, ಶ್ರವಣಸಾಧನದ ಮೂರು ಮಾದರಿಗಳನ್ನು ಮುಂದಿಟ್ಟರು. ತಂದೆಯವರಿಗೆ ಎಲ್ಲಿ, ಯಾರ ಮಾತು ತಿಳಿಯುವುದಿಲ್ಲವೆಂದು ಯಾರೂ ಕೇಳಲಿಲ್ಲವಾದ್ದರಿಂದ ನಾವು ಹಿಂದಿರುಗಿದೆವು. ಆಮೇಲೆ ಪ್ರತಿ ಕೇಂದ್ರಕ್ಕೂ ಮೊದಲೇ ಫೋನ್ ಮಾಡಿ, ಪದಗಳನ್ನು ಕೇಳಿಸಿ ಮಾಡುವ ಮಾತಿನ ಪರೀಕ್ಷೆಯನ್ನು ತಂದೆಯವರ ಮಾತೃಭಾಷೆಯಲ್ಲಿ ಮಾಡುತ್ತೀರಾ, ಒಂದಕ್ಕಿಂತ ಹೆಚ್ಚು ಕಂಪನಿಗಳ ಸಾಧನಗಳನ್ನು ಹೊಂದಿಸುತ್ತೀರಾ, ಕೊಳ್ಳುವ ಮುನ್ನ ಕೆಲವು ದಿನ ಬಳಸಿ ನೋಡಲು ಕೊಡುತ್ತೀರಾ, ವರದಿಯ ಪ್ರತಿ ನಮಗೆ ಸಿಗುತ್ತದೆಯೇ ಎಂದು ವಿಚಾರಿಸಿದೆ.

ಕೊನೆಗೆ ಆರಿಸಿಕೊಂಡ ತಜ್ಞೆ ಒಂದು ಗಂಟೆಗೂ ಹೆಚ್ಚು ಸಮಯ ಕೊಟ್ಟರು. ಶಬ್ದ ತಡೆದ ಕೋಣೆಯಲ್ಲಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಹೆಡ್‌ಫೋನ್ ಮೂಲಕವೂ, ಅವುಗಳಲ್ಲಿ ಕೆಲವನ್ನು ಕಿವಿಯ ಹಿಂದಿನ ಮೂಳೆಯ ಮೇಲಿಟ್ಟ ಕಂಪಕದ ಮೂಲಕವೂ ಕೇಳಿಸಿ, ದೋಷ ಮಧ್ಯಕಿವಿಯದೋ ಒಳಕಿವಿಯದೋ ಎಂಬುದನ್ನು ಬೇರ್ಪಡಿಸಿದರು. ತಂದೆಯವರ ಆಡಿಯೋಗ್ರಾಮಿನ (ಯಾವ ಸ್ಥಾಯಿಯ ಸ್ವರ ಎಷ್ಟು ಗಟ್ಟಿಯಾಗಿದ್ದರೆ ಕೇಳಿಸುತ್ತದೆಂದು ತೋರಿಸುವ ನಕ್ಷೆ) ಗೆರೆ ಕೆಳಸ್ಥಾಯಿಯಲ್ಲಿ ಬಹುತೇಕ ಸಹಜವಾಗಿದ್ದು, 2000 ಹರ್ಟ್ಸ್ ದಾಟಿದ ಕೂಡಲೇ 60 ಡೆಸಿಬೆಲ್‌ಗೆ ಇಳಿದಿತ್ತು, ಅಂದರೆ ಆ ಸ್ವರಗಳು ಅಷ್ಟು ಗಟ್ಟಿಯಾಗಿದ್ದರೆ ಮಾತ್ರ ಅವರಿಗೆ ಕೇಳಿಸುತ್ತಿದ್ದವು. ಮಾತಿಗೆ ಗಟ್ಟಿತನ ಕೊಡುವ ಸ್ವರಾಕ್ಷರಗಳು ಕೆಳಸ್ಥಾಯಿಯಲ್ಲಿಯೂ, ಪದವನ್ನು ಪದದಿಂದ ಬೇರೆ ಮಾಡುವ 'ಸ', 'ಶ', 'ತ'ಗಳಂಥ ಕ್ಷೀಣ ವ್ಯಂಜನಗಳು ಮೇಲ್ಸ್ಥಾಯಿಯಲ್ಲಿಯೂ ಹೆಚ್ಚು ಇರುವುದರಿಂದ, 'ಸಾಲು', 'ತಾಳು', 'ಹಾಲು' ಎಲ್ಲವೂ ಅವರಿಗೆ ಒಂದೇ ಆಗಿ ಕೇಳಿಸುತ್ತಿದ್ದವು. ನಾವು ಕೂಗಿದಾಗ ಏರುತ್ತಿದ್ದದ್ದು ಮುಖ್ಯವಾಗಿ ಸ್ವರಾಕ್ಷರಗಳ ಸದ್ದು.

ಸಾಧನ ಹೊಂದಿಸುವಾಗ ತಜ್ಞೆ ಕಿವಿಯೊಳಗೆ ತಮಟೆಯ ಸಮೀಪದವರೆಗೆ ತೆಳುವಾದ ನಳಿಕೆ ಇರಿಸಿ, ಅಲ್ಲಿ ತಲಪುವ ಧ್ವನಿಯನ್ನು ನೇರವಾಗಿ ಅಳೆದರು. ಇದಕ್ಕೆ 'ರಿಯಲ್ ಇಯರ್' ಮಾಪನವೆನ್ನುತ್ತಾರೆ. ಕಂಪನಿಯ ತಂತ್ರಾಂಶ ಸರಾಸರಿ ಕಿವಿಯನ್ನು ಆಧರಿಸಿ ಲೆಕ್ಕ ಹಾಕುತ್ತದೆ. ಕಿವಿನಾಳದ ಗಾತ್ರ ಮತ್ತು ಆಕಾರ ಒಬ್ಬೊಬ್ಬರದು ಒಂದೊಂದು ರೀತಿ. ಆ ಲೆಕ್ಕದಂತೆ ಹೊಂದಿಸಿದಾಗ ತಂದೆಯವರ ಕಿವಿಯಲ್ಲಿ ಮೇಲ್ಸ್ಥಾಯಿಯ ವರ್ಧನೆ ಅಗತ್ಯಕ್ಕಿಂತ ಬಹಳ ಕಡಿಮೆಯಿತ್ತು. ನನ್ನ ಅಭಿಪ್ರಾಯದಲ್ಲಿ ಸಾಧನದ ಬೆಲೆಗಿಂತಲೂ ಮೊದಲು ವಿಚಾರಿಸಬೇಕಾದದ್ದು ಈ ಮಾಪನವನ್ನು.

ಸಾಧನ ಹಾಕಿಕೊಂಡ ಮೊದಲ ವಾರಗಳಲ್ಲಿ ಕಾಗದದ ಸರಸರ, ತಮ್ಮದೇ ದನಿ ತಂದೆಯವರನ್ನು ಕಾಡಿದವು. ತಜ್ಞೆ ಹೇಳಿದಂತೆ ಅವರು ಒಂದು ಪುಟ್ಟ ಪುಸ್ತಕದಲ್ಲಿ ಯಾವ ಸ್ಥಳದಲ್ಲಿ ಯಾರ ಮಾತು ತಪ್ಪಿತೆಂದು ಬರೆದಿಟ್ಟರು. ಪ್ರತಿ ಭೇಟಿಯಲ್ಲಿ ಅದನ್ನು ಓದಿಯೇ ಹೊಂದಾಣಿಕೆ ಬದಲಿಸಲಾಯಿತು. ನಾಲ್ಕನೆಯ ಭೇಟಿಗೆ ಅವರು ಒಬ್ಬರೇ ಹೋಗಿಬಂದರು, ತಜ್ಞೆ ಹೇಳಿದ್ದನ್ನೆಲ್ಲ ನನಗೆ ಒಂದೊಂದಾಗಿ ವಿವರಿಸಿದರು.